ಒಂದೇ ಮನೆಯ ಜೋಳ

ಬಟ್ಟೆಚೀಲದಲ್ಲಿ ಬೆವೆತ ಬಿಸಿ ರೊಟ್ಟಿಗೆ ಒಂದು ವಾಸನೆಯಿದೆ. ನಮ್ಮ ಬೆಟಗೇರಿಯ ಶಾಲೆಯ ಮಕ್ಕಳು ಶನಿವಾರ ಓಣಿ ತಿರುಗಿ, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಉಳಿದವರಿಗೆ ರೊಟ್ಟಿ ಕೂಡಿಸುತ್ತಾರೆ. ಅವರನ್ನು ಹುರಿದುಂಬಿಸಲು ಮಾಸ್ತರರು ನನ್ನನ್ನೂ ಕರೆಯುತ್ತಾರೆ. ಮೊನ್ನೆ ಒಬ್ಬ ಹುಡುಗಿ ನನ್ನ ಮುಂದೆ ಚೀಲ ಬಿಚ್ಚಿ, "ತಗಡಿನ ಮನಿ ಮುದುಕಿ ಆಯಿನ್ನ ಕೇಳದ ಬಿಟ್ಟ್ವಿರಿ ಅಜ್ಜಾರ, ಪಾಪ, ಆಕಿಗೇ ಇಲ್ಲ" ಎಂದಳು. ಹೋಗಿ ಕೇಳಿ ಬಾ ಎಂದು ಅವಳನ್ನು ತಿರುಗಿ ಕಳಿಸಿದೆ. ಯಾಕೆಂದು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನಮ್ಮಪ್ಪನದು ಕಾಳಿನ ಅಂಗಡಿ. ಪಡಸಾಲೆಯ ತುಂಬ ಜೋಳದ ಚೀಲಗಳು. ಮಧ್ಯಾಹ್ನ ಅವುಗಳ ಮೇಲೆಯೇ ನಮ್ಮ ನಿದ್ದೆ, ಬೆನ್ನಿಗೆ ಗೋಣಿಯ ಗೆರೆ. ಒಳಗೆ ಅಮ್ಮ, ಅಂದರೆ ಅಪ್ಪನ ತಾಯಿ, ಬೀಸುವ ಸಪ್ಪಳ. ಅಂಥ ಪಡಸಾಲೆ ನಿಮ್ಮ ನೆನಪಿನಲ್ಲೂ ಒಂದಿರಬಹುದು. ಆಗ ಶಾಲೆಯ ಹುಡುಗರು ಪ್ರತಿ ಶನಿವಾರ ಅನಾಥ ಮಕ್ಕಳ ಬೋರ್ಡಿಂಗಿಗಾಗಿ ಜೋಳಿಗೆ ಹಾಕಿಕೊಂಡು ಮನೆಮನೆಯಿಂದ ಮುಷ್ಟಿ ಜೋಳ ತರಬೇಕಿತ್ತು. ನಮ್ಮ ಓಣಿ ನನ್ನ ಪಾಲಿಗೆ. ಸಾವ್ಕಾರರ ಮಗ ನಾನು, ಹಿತ್ತಲಿನಿಂದ ಒಳಬಂದು ಅಪ್ಪನ ಚೀಲದಿಂದಲೇ ಜೋಳಿಗೆ ತುಂಬಿ ಒಪ್ಪಿಸುತ್ತಿದ್ದೆ. ಬೋರ್ಡಿಂಗಿಗೆ ನಷ್ಟವಿಲ್ಲವಲ್ಲ ಎಂಬ ಧೈರ್ಯ.

ಒಂದು ಶನಿವಾರ ಅಮ್ಮ ಜೋಳಿಗೆಯಲ್ಲಿ ಕೈಯಾಡಿಸಿದಳು. "ಎಲ್ಲಾ ಒಂದ ನಮೂನಿ ಬಿಳೇ ಜೋಳ! ಊರ ಮಂದೆಲ್ಲಾ ನಿಮ್ಮಪ್ಪನ ಚೀಲಾ ಬಿಚ್ಚಿ ಉಣತಾರೇನ್ಲೇ?"

"ನಾ ಬೇಡಾಕ ಹೋಗೂದಿಲ್ಲ."

"ನೀ ಎಲ್ಲಿ ಬೇಡತೀ? ಅವರು ಕೊಟ್ಟದ್ದ ಹೊತಗೊಂಡು ಹೋಗಾಂವ ಅಷ್ಟ. ನಡಿ, ಮೊದಲ ಗಂಗವ್ವನ ಮನಿ."

ಗಂಗವ್ವ ಓಣಿಯ ಕೊನೆಗೆ ಒಂಟಿಯಾಗಿದ್ದ ಮುದುಕಿ. ನೇಕಾರರಿಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದಳು. ಆಕೆಗೇ ಉಣ್ಣಲು ಇಲ್ಲ ಎಂದೆ. ಅಮ್ಮ ಬೆನ್ನಿಗೆ ಕೈಹಚ್ಚಿ ದಬ್ಬಿದಳು.

"ಬಂದ್ಯಾ ಸಾವ್ಕಾರಾ?" ಎಂದಳು ಗಂಗವ್ವ. "ಶನಿವಾರಕ್ಕೊಮ್ಮೆ ಬಾಗಲಾ ತಗದು ಕುಂತೀನಿ. ನಮ್ಮ ಮನಿ ಮುಂದ ಮುಳ್ಳ ಬಿದ್ದಿದ್ವೇನು?" ಒಂದು ಸಣ್ಣ ಮಡಿಕೆ ತಂದಳು. ನಾನು ಬಾರದ ಎಲ್ಲ ಶನಿವಾರಗಳ ಮುಷ್ಟಿಯೂ ಅದರಲ್ಲಿತ್ತು. ಕೆಂಪು ಜೋಳ, ನಡುವೆ ಸಜ್ಜೆ, ಒಂದಿಷ್ಟು ನುಚ್ಚು. ಎಲ್ಲ ಸುರುವಿ, ಸೆರಗಿಗೆ ಕೈ ಒರೆಸಿಕೊಂಡು, "ಈಗ ಮನಸ ಹಗರಾತು ನೋಡು" ಎಂದಳು. ಬೋರ್ಡಿಂಗಿಗೆ ನಷ್ಟವಾಗಿರಲಿಲ್ಲ, ಖರೆ. ಕೊಡುವ ಹಕ್ಕನ್ನು ನಾನು ಕಸಿದದ್ದು ಈ ಮುದುಕಿಯಿಂದ.

ಆಮೇಲೆ ಪ್ರತಿ ಶನಿವಾರ ಮೊದಲ ಬಾಗಿಲು ಅವಳದೇ. ಬೈಯುತ್ತಿದ್ದಳು, ನಗುತ್ತಿದ್ದಳು, ತಲೆ ಸವರುತ್ತಿದ್ದಳು. ಬೇಡಲು ನಾಚಿ ಅಪ್ಪನ ಚೀಲದಿಂದಲೇ ಜೋಳಿಗೆ ತುಂಬುತ್ತಿದ್ದೆ ಎಂದು ಅವಳಿಗೆ ಬಾಯಿಬಿಟ್ಟು ಹೇಳಲು ನನಗಾಗಲೇ ಇಲ್ಲ. ಒಂದು ಚಳಿಗಾಲ ಹಾಸಿಗೆ ಹಿಡಿದಳು. ಅವಳ ಮುಷ್ಟಿಯನ್ನು ನಾನೇ ಎತ್ತಿ ಹಿಡಿದು ಹಾಕಿಸಿಕೊಂಡೆ. "ಮುಂದಿನ ವಾರ ಜಲ್ದಿ ಬಾ" ಎಂದಳು.

ಹೊತ್ತು ಮೂಡುವಾಗಲೇ ಹೋದೆ. ಅಂಗಳದಲ್ಲಿ ಮಂದಿ ನೆರೆದಿದ್ದರು; ಗಂಗವ್ವ ರಾತ್ರಿಯೇ ಕಣ್ಣು ಮುಚ್ಚಿದ್ದಳು. ಜೋಳಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡು ಬಂದು, "ನಿನ್ನಿ ಸಂಜೀಕನ ತಗದಿಡಿಸಿದ್ಲಪ್ಪಾ, ಹುಡುಗ ಬರತಾನ ಅಂತ" ಎಂದು ಒಂದು ಮುಷ್ಟಿ ಜೋಳ ಮುಂದೆ ಹಿಡಿದಳು. ಎರಡೂ ಕೈಯಿಂದ ಜೋಳಿಗೆ ಅಗಲಿಸಿ ಹಾಕಿಸಿಕೊಂಡೆ. ಆ ದಿನ ಓಣಿಯ ಒಂದು ಬಾಗಿಲನ್ನೂ ಬಿಡಲಿಲ್ಲ.