ಹುಲಿಗೆಮ್ಮನ ಗೋಡೆಯ ಏಳು ಫೋಟೋಗಳು

ಹೊಸಪೇಟೆ ಜಿಲ್ಲಾ ಕೇಂದ್ರವಾದ ಮರುವರ್ಷದ ಮಾತು. ಅಷ್ಟೊತ್ತಿಗೆ ನಾನು ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟು ಇಪ್ಪತ್ತಾರು ವರ್ಷವಾಗಿತ್ತು. ಕಂಪ್ಲಿಯಿಂದ ಸಂಡೂರಿನವರೆಗೆ ಯಾವ ದೊಡ್ಡ ಮದುವೆಯಾದರೂ ಮೊದಲು ನನ್ನ ತಾರೀಖು ಕೇಳುತ್ತಾರೆ ಎನ್ನುವ ಕೊಬ್ಬು ತಲೆಗೇರಿತ್ತು. ಕೊಬ್ಬು ಎಂದೇ ಬರೆಯುತ್ತಿದ್ದೇನೆ. ಆತ್ಮವಿಶ್ವಾಸ ಎಂದು ಬರೆದರೆ ಇನ್ನೊಂದು ಸುಳ್ಳು ಸೇರಿಸಿದಂತಾಗುತ್ತದೆ.

ಆ ವರ್ಷ ಮಳೆಗಾಲದ ಆರಂಭದಲ್ಲಿ ನನಗೆ ಮದುವೆಯಲ್ಲದ ಒಂದು ಕೆಲಸ ಬಂತು. ಸಂಡೂರು ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ ಗಣಿಯ ಬ್ಲಾಸ್ಟಿಂಗ್‌ನಿಂದ ಮನೆಗಳ ಗೋಡೆ ಬಿರುಕು ಬಿಟ್ಟಿವೆ ಎಂದು ಜನ ದೂರು ಕೊಟ್ಟಿದ್ದರು. ಗಣಿ ಕಂಪನಿಯವರು ಒಪ್ಪಲಿಲ್ಲ. ಅವು ಹಳೆಯ ಮಣ್ಣಿನ ಗೋಡೆಗಳು, ತಾವಾಗಿಯೇ ಬಿರಿದಿವೆ ಎಂದರು. ಕೊನೆಗೆ ಜಂಟಿ ಪರಿಶೀಲನೆ ಎಂದಾಯಿತು. ಸರ್ಕಾರದ ಕಡೆಯಿಂದ ಒಬ್ಬ ಇಂಜಿನಿಯರ್ ಮೇಡಂ, ಕಂಪನಿಯ ಕಡೆಯಿಂದ ಒಬ್ಬ ಸಲಹೆಗಾರ, ಎರಡೂ ಕಡೆಗೆ ಸೇರದ ಫೋಟೋಗ್ರಾಫರ್ ಒಬ್ಬ. ಆ ಒಬ್ಬ ನಾನು. ಲೆಕ್ಕ ಸರಳವಾಗಿತ್ತು: ಬಿರುಕಿನ ಅಗಲ ಐದು ಮಿಲಿಮೀಟರ್ ದಾಟಿದ್ದರೆ ಆ ಮನೆ ಪಟ್ಟಿಗೆ ಸೇರುತ್ತದೆ, ಪಟ್ಟಿಗೆ ಸೇರಿದ ಮನೆಯನ್ನು ಕಂಪನಿ ಹೊಸದಾಗಿ ಕಟ್ಟಿಕೊಡಬೇಕು. ಬಿರುಕಿನ ಮೇಲೆ ಸ್ಟೀಲ್ ಸ್ಕೇಲ್ ಹಿಡಿದು ಫೋಟೋ ತೆಗೆಯುವುದು ನನ್ನ ಕೆಲಸ.

ಹನ್ನೊಂದು ಮನೆಗಳಿದ್ದವು. ಹತ್ತು ಮನೆಗಳಲ್ಲಿ ಬಿರುಕು ಹೊರಗೋಡೆಯಲ್ಲಿತ್ತು. ಬಯಲಿನ ಬೆಳಕು, ಏನೂ ತೊಂದರೆಯಿಲ್ಲದೆ ಮುಗಿಯಿತು. ಕಂಪನಿಯ ಸಲಹೆಗಾರ ಪ್ರತಿ ಮನೆಯಲ್ಲೂ ಮೂಗು ಮುರಿದ. ಜನ ಅವನನ್ನು ನುಂಗುವ ಹಾಗೆ ನೋಡುತ್ತಿದ್ದರು. ನನ್ನನ್ನೂ ಅವರು ನಂಬಿರಲಿಲ್ಲ. "ಇವನೂ ಅವರ ಕಡೆಯವನೇ ಇರಬೇಕು ಬಿಡ್ರಿ" ಎಂದು ಯಾರೋ ಕೇಳುವಂತೆಯೇ ಅಂದರು.

ಹನ್ನೊಂದನೆಯದು ಹುಲಿಗೆಮ್ಮನ ಮನೆ. ಅರವತ್ತರ ಆಸುಪಾಸಿನ ಹೆಂಗಸು, ಒಬ್ಬಳೇ ಇದ್ದಳು, ಕೂಲಿಗೆ ಹೋಗುತ್ತಿದ್ದಳು. ಬಿರುಕು ಒಳಕೋಣೆಯ ಗೋಡೆಯಲ್ಲಿತ್ತು, ಅವಳು ಮಲಗುವ ಜಾಗದ ತಲೆಯ ಮೇಲೆಯೇ. ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲಿಂದ ಬಂದಷ್ಟೇ ಬೆಳಕು.

ಮೇಡಂ ಸ್ಕೇಲ್ ಇಟ್ಟು ಓದಿದರು. "ಆರು ಮಿಲಿಮೀಟರ್."

ಸಲಹೆಗಾರ ಬಗ್ಗಿ ನೋಡಿದ. "ಮೂರು. ಮಿಕ್ಕಿದ್ದು ಸುಣ್ಣ ಉದುರಿರೋದು."

ಹುಲಿಗೆಮ್ಮ ಅವನ ಮೇಲೆ ಹರಿಹಾಯ್ದಳು. "ಢಂ ಅಂದಾಗ ನೀನು ಬಂದು ಇಲ್ಲಿ ಮಲಕ್ಕೋ ಬಾರಲೇ, ಸುಣ್ಣ ಯಾವುದು ಗ್ವಾಡಿ ಯಾವುದು ಗೊತ್ತಾಗ್ತದ!"

ಮಾತಿಗೆ ಮಾತು ಬೆಳೆಯಿತು. ಮೇಡಂ ನಡುವೆ ಬಂದು ಕೈ ಎತ್ತಿದರು. "ಜಗಳ ಬ್ಯಾಡ. ಮೂರೋ ಆರೋ ಫೋಟೋನೇ ಹೇಳ್ತದ." ಸಲಹೆಗಾರನೂ ಒಪ್ಪಿ ಹಾಗೆಯೇ ಬರೆಸಿ ಸಹಿ ಹಾಕಿದ. ಆ ಸಹಿಯೊಂದಿಗೆ ಹುಲಿಗೆಮ್ಮನ ಮನೆ ನನ್ನ ಕೈಗೆ ಬಂತು.

ನಾನು ಫ್ಲಾಶ್ ಸಿಕ್ಕಿಸಲು ಹೋದೆ. ಮೇಡಂ ತಡೆದರು. "ಫ್ಲಾಶ್ ಬ್ಯಾಡ್ರಿ. ಸ್ಕೇಲ್ ಮ್ಯಾಲ ಬೆಳಕು ಬಡದ್ರ ಗೀಟು ಕಾಣಂಗಿಲ್ಲ. ಸ್ಟ್ಯಾಂಡ್ ತಂದೀರಿಲ್ಲೋ?"

ಟ್ರೈಪಾಡ್ ಕಾರಿನಲ್ಲಿತ್ತು. ಕಾರು ಊರ ಬಾಗಿಲಲ್ಲಿತ್ತು. ನಾನು ನಕ್ಕೆ. "ನನ್ನ ಕೈ ಕಲ್ಲಿದ್ದಂಗ ಐತ್ರಿ ಮೇಡಂ. ಸ್ಟ್ಯಾಂಡ್ ಕಲಿಯೋರಿಗೆ."

ಇಲ್ಲಿ ನನ್ನ ಕಸುಬಿನ ಒಂದು ರೂಢಿ ಹೇಳಬೇಕು. ಕ್ಯಾಮೆರಾದ ಡಯಲ್‌ನಲ್ಲಿ ಯು-ಒನ್, ಯು-ಟೂ ಎಂಬ ಗುರುತುಗಳಿರುತ್ತವೆ. ನಮಗೆ ಬೇಕಾದ ಸೆಟ್ಟಿಂಗನ್ನು ಅಲ್ಲಿ ಕಟ್ಟಿಟ್ಟುಕೊಂಡರೆ ಡಯಲ್ ತಿರುಗಿಸಿದ ಕೂಡಲೇ ಸಿದ್ಧ. ನನ್ನ ಯು-ಒನ್ ಎಂದರೆ ಕಲ್ಯಾಣ ಮಂಟಪದ ಒಳಗಿನ ಸೆಟ್ಟಿಂಗ್: ಐಎಸ್‌ಒ 800, ಅಪರ್ಚರ್ 5.6, ಶಟರ್ 1/15. ಅಂದರೆ ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿರುತ್ತದೆ. ಕೈಯಲ್ಲಿ ಹಿಡಿದು ತೆಗೆಯುವ ಫೋಟೋಕ್ಕೆ ಇದು ತುಂಬ ನಿಧಾನ, ಅಷ್ಟರಲ್ಲಿ ಕೈ ಚೂರು ಅಲುಗಿದರೂ ಚಿತ್ರದ ಗೆರೆಗಳು ಎರಡೆರಡಾಗುತ್ತವೆ. ಆದರೂ ನಮ್ಮ ಕಡೆಯ ಮದುವೆ ಫೋಟೋಗ್ರಾಫರುಗಳು ಬೇಕೆಂದೇ ಹೀಗೆ ಇಡುತ್ತೇವೆ. ಹಿಂದಿನ ಸೀರಿಯಲ್ ಸೆಟ್, ಹೂವಿನ ಮಂಟಪ ಎಲ್ಲ ಝಗಮಗ ಹೊಳೆಯಬೇಕಲ್ಲ! ಮದುಮಕ್ಕಳು ಅಲುಗದಂತೆ ನೋಡಿಕೊಳ್ಳುವುದು ಶಟರ್ ಅಲ್ಲ, ಫ್ಲಾಶ್. ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬೆಳಗಿ ಆರುತ್ತದೆ, ಆ ಕ್ಷಣದ ಮುಖ ಅಷ್ಟೇ ಗಟ್ಟಿಯಾಗಿ ಉಳಿಯುತ್ತದೆ. ಸಾವಿರಾರು ಮದುವೆಗಳಲ್ಲಿ ಫ್ಲಾಶ್ ಮಾಡಿದ ಕೆಲಸವನ್ನು ನಾನು ನನ್ನ ಕೈಯ ಹೆಸರಿಗೆ ಬರೆದುಕೊಂಡಿದ್ದೆ.

ಕತ್ತಲೆ ಕೋಣೆ ಕಂಡಿದ್ದೇ ಬೆರಳು ತಾನಾಗಿ ಡಯಲನ್ನು ಯು-ಒನ್‌ಗೆ ತಿರುಗಿಸಿತು. ಫ್ಲಾಶ್ ಇರಲಿಲ್ಲ. ಏಳು ಸಲ ಒತ್ತಿದೆ. ದುರದೃಷ್ಟಕ್ಕೆ ಬೆಳಕು ಸರಿಯಾಗಿಯೇ ಬಂತು. ಫೋಟೋ ಕಪ್ಪಾಗಿ ಬಂದಿದ್ದರೆ ಅಲ್ಲಿಯೇ ಎಚ್ಚರವಾಗುತ್ತಿತ್ತು. ಹಿಂದಿನ ಮೂರಂಗುಲದ ಪರದೆಯಲ್ಲಿ ಗೋಡೆ, ಬಿರುಕು, ಸ್ಕೇಲ್ ಎಲ್ಲ ಚೊಕ್ಕ ಕಂಡವು. ಹಿಗ್ಗಿಸಿ ನೋಡಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ. "ಮಸ್ತ್ ಬಂದಾವ್ರಿ" ಎಂದೆ.

ಹೊರಡುವಾಗ ಮೇಡಂ ಸ್ಪಷ್ಟವಾಗಿ ಹೇಳಿದರು. "ಯಾವುದಾರ ಫೋಟೋ ಕೆಟ್ಟಿದ್ರ ನಾಳೇನೇ ಫೋನ್ ಮಾಡ್ರಿ. ಇಬ್ರೂ ಮತ್ತ ಬಂದು ನಿಂತು ತೆಗಿಸ್ತೀವಿ."

ಸಂಜೆ ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದೆ. ಹತ್ತು ಮನೆ ಸರಿಯಾಗಿದ್ದವು. ಹುಲಿಗೆಮ್ಮನ ಗೋಡೆಯನ್ನು ಹಿಗ್ಗಿಸಿದೆ. ಸ್ಕೇಲಿನ ಒಂದೊಂದು ಗೀಟೂ ಎರಡೆರಡಾಗಿತ್ತು. ಬಿರುಕಿನ ಅಂಚು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳುವಂತಿರಲಿಲ್ಲ. ಮೂರು ಎಂದರೂ ಹೌದು, ಆರು ಎಂದರೂ ಹೌದು. ಏಳರಲ್ಲಿ ಏಳೂ ಹೀಗೇ.

ಫೋನ್ ಕೈಯಲ್ಲೇ ಇತ್ತು. ಮಾಡಲಿಲ್ಲ. ಕೈ ಕಲ್ಲಿದ್ದಂಗ ಐತಿ ಎಂದು ಬೆಳಿಗ್ಗೆ ಅಂದವನು ಸಂಜೆ ಅಲುಗಿತು ಎನ್ನುವುದು ಹೇಗೆ? ಆ ಸಲಹೆಗಾರ ನಗುತ್ತಾನೆ, ಊರವರು ಬೈಯುತ್ತಾರೆ, ಹೊಸಪೇಟೆಯ ಉಳಿದ ಸ್ಟುಡಿಯೋದವರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಹುಲಿಗೆಮ್ಮ ನೆನಪಿಗೆ ಬರಲಿಲ್ಲ ಎಂದರೂ ಸುಳ್ಳೇ. ಬಂದಳು, ಪಕ್ಕಕ್ಕೆ ಸರಿಸಿದೆ. ಸಾಫ್ಟ್‌ವೇರ್‌ನಲ್ಲಿ ಶಾರ್ಪನಿಂಗ್ ಹಾಕಿದೆ. ಗೀಟುಗಳು ಇನ್ನಷ್ಟು ಕಪ್ಪಾದವು, ಎರಡಿದ್ದವು ಒಂದಾಗಲಿಲ್ಲ. ಅಲುಗಿದ ಫೋಟೋವನ್ನು ಯಾವ ಸಾಫ್ಟ್‌ವೇರೂ ಅಲುಗದಂತೆ ಮಾಡದು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಉಳಿದ ಮನೆಗಳದ್ದನ್ನು ಎ-ಫೋರ್ ಅಳತೆಗೆ ಪ್ರಿಂಟ್ ಹಾಕಿ, ಇದೊಂದನ್ನು ಪೋಸ್ಟ್‌ಕಾರ್ಡ್ ಅಳತೆಗೆ ಇಳಿಸಿದೆ. ಚಿಕ್ಕದಾಗಿಸಿದರೆ ಅಲುಗಾಟ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಸುಬಿನ ಹಳೆಯ ಕಳ್ಳತನ ಇದು.

ಮರುದಿನ ಹಂಪಿಯಲ್ಲಿ ಒಂದು ಜೋಡಿಯ ಪ್ರೀ-ವೆಡ್ಡಿಂಗ್ ಶೂಟಿಂಗ್ ಇತ್ತು. ಬಂಡೆಗಳ ನಡುವೆ ಓಡಿ ಬರಬೇಕು, ಸೆರಗು ಹಾರಬೇಕು ಎಂದು ಅವರ ಆಸೆ. ಶಟರ್ 1/1000ಕ್ಕೆ ಏರಿಸಿದೆ. ಪ್ರತಿ ಫೋಟೋವನ್ನೂ ಹಿಗ್ಗಿಸಿ ಪರೀಕ್ಷಿಸಿದೆ. ಹಾರುವ ಸೆರಗಿನ ಝರಿಯ ಎಳೆ ಎಳೆಯೂ ಬಂದಿತ್ತು.

ದೂರಿನ ವಿಚಾರಣೆ ಸಂಡೂರಿನಲ್ಲಿ ಮೇಡಂ ಮುಂದೆಯೇ ನಡೆಯಿತು, ಪರಿಶೀಲನೆಯಾಗಿ ಸುಮಾರು ಒಂದು ತಿಂಗಳಿಗೆ. ಅಷ್ಟರಲ್ಲಿ ಮಳೆ ಜೋರಾಗಿ ಹಿಡಿದು ಹುಲಿಗೆಮ್ಮನ ಆ ಗೋಡೆ ಬಿದ್ದುಹೋಗಿತ್ತು. ಅವಳು ಹೊಲದಲ್ಲಿದ್ದಳು, ಜೀವ ಉಳಿದಿತ್ತು. ಈಗ ಉಳಿದ ಸಾಕ್ಷಿ ನನ್ನ ಫೋಟೋ ಮಾತ್ರ.

ಸಲಹೆಗಾರ ಚುರುಕಿನವನು. ಪೋಸ್ಟ್‌ಕಾರ್ಡ್ ಪ್ರಿಂಟನ್ನು ಬೆರಳಲ್ಲಿ ತಿರುಗಿಸಿ ನೋಡಿ, ಮೂಲ ಫೈಲನ್ನೇ ಗೋಡೆಯ ಪರದೆಯ ಮೇಲೆ ತೋರಿಸಿ ಎಂದ. ತೋರಿಸಿದರು. ಆಳೆತ್ತರದ ಸ್ಕೇಲು, ಎಲ್ಲ ಗೀಟೂ ಜೋಡಿ ಜೋಡಿ.

"ಇದು ಗೋಡೆಯ ಬಿರುಕಾ, ಫೋಟೋಗ್ರಾಫರ್ ಕೈ ನಡುಕಾ?" ಎಂದ ಅವನು. ಕಂಪನಿಯ ಕಡೆಯವರು ನಕ್ಕರು. ನಾನು ಅವನನ್ನು ಆವತ್ತು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ, ಅವನು ಹೇಳಿದ್ದು ನಿಜವಾಗಿತ್ತು ಎನ್ನುವುದಕ್ಕೇ.

ಮೇಡಂ ನನ್ನತ್ತ ತಿರುಗಿದರು. "ಇದು ನಿಮಗ ಯಾವಾಗ ಗೊತ್ತಾತು?"

"ಈಗ, ಪರದೆ ಮ್ಯಾಲ ನೋಡಿದಾಗ್ರಿ" ಎಂದೆ.

ಅವರು ನಂಬಲಿಲ್ಲ. ಪೋಸ್ಟ್‌ಕಾರ್ಡ್ ಪ್ರಿಂಟನ್ನು ನನ್ನ ಮುಂದೆ ಎಸೆದು ಪಟ್ಟಿಯ ಕಡತ ತೆಗೆದುಕೊಂಡರು. ಹತ್ತು ಮನೆ ಪಟ್ಟಿಗೆ ಸೇರಿದವು. ಹನ್ನೊಂದನೆಯದರ ಮುಂದೆ "ಅಳತೆ ಖಚಿತವಿಲ್ಲ" ಎಂದು ಬರೆದರು, ಅದು ಪಟ್ಟಿಗೆ ಸೇರಲಿಲ್ಲ.

ಮೂರು ದಿನ ಬಿಟ್ಟು ಹಳ್ಳಿಗೆ ಹೋದೆ. ಹುಲಿಗೆಮ್ಮ ಬಿದ್ದ ಗೋಡೆಗೆ ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿ ಅದೇ ಕೋಣೆಯಲ್ಲಿದ್ದಳು. ಕುಂದ್ರು ಎನ್ನಲಿಲ್ಲ. ನಿಂತೇ ಕ್ಷಮೆ ಕೇಳಿದೆ. ಶಟರ್, ಫ್ಲಾಶ್ ಎಂದು ಏನೇನೋ ಬಡಬಡಿಸಿದೆ. ಅವಳು ಕೈ ಅಡ್ಡ ಹಿಡಿದಳು.

"ಅದೆಲ್ಲ ನನಗ ತಿಳಿಯಂಗಿಲ್ಲ. ಫೋಟೋ ಕೆಟ್ಟೈತಿ ಅಂತ ನಿನಗ ಯಾವಾಗ ಗೊತ್ತಾತು, ಅಷ್ಟು ಹೇಳು."

ಮೇಡಂಗೆ ಹೇಳಿದ್ದ ಸುಳ್ಳು ಇವಳ ಮುಂದೆ ಬಾಯಿಗೆ ಬರಲಿಲ್ಲ. "ಅವತ್ತ ಸಂಜೀಗೇ" ಎಂದೆ.

ಬೈಯುತ್ತಾಳೆ ಎಂದುಕೊಂಡೆ.

"ಆಮ್ಯಾಲ ಹದಿನೆಂಟು ದಿನ ನಿಂತಿತ್ತಲ್ಲೋ ಗ್ವಾಡಿ" ಎಂದಳು. "ಹೋಗು. ಇನ್ನ ಈ ಕಡಿಗೆ ಬರಬ್ಯಾಡ."

ಇದಾದ ಮೇಲೆ ಡಯಲ್‌ನ ಯು-ಒನ್ ಅಳಿಸಿ ಹಾಕಿದೆ. ಒಳಗೆ ಹೋದರೆ ಒಂದು, ಹೊರಗೆ ಬಂದರೆ ಇನ್ನೊಂದು, ಪ್ರತಿ ಜಾಗದಲ್ಲೂ ಶಟರ್ ಎಷ್ಟಿದೆ ಎಂದು ನೋಡಿಯೇ ಒತ್ತುತ್ತೇನೆ. ಕೈಯಲ್ಲಿ ಹಿಡಿದರೆ 1/125ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕು ಹೀರುವ ಶಕ್ತಿ, ಏರಿಸುತ್ತೇನೆ, ಫೋಟೋದಲ್ಲಿ ಕಾಳು ಕಾಳು ಕಂಡರೂ ಅಡ್ಡಿಯಿಲ್ಲ, ಗೀಟು ಗೀಟಾಗಿಯೇ ಉಳಿಯುತ್ತದೆ. ಅದೂ ಸಾಲದಿದ್ದರೆ ಟ್ರೈಪಾಡ್. ತೆಗೆದದ್ದನ್ನು ಅಲ್ಲಿಯೇ ಹಿಗ್ಗಿಸಿ ನೋಡುತ್ತೇನೆ. ಇಷ್ಟನ್ನು ಯಾವ ಹೊಸಬನಾದರೂ ಒಂದು ವಾರದಲ್ಲಿ ಕಲಿಯಬಹುದು.

ಕಲಿಯಲು ನನಗೆ ಇಪ್ಪತ್ತಾರು ವರ್ಷ ಸಾಲದೆ ಹೋದದ್ದು ಬೇರೆ. ಈಗಲೂ ಒಮ್ಮೊಮ್ಮೆ ಫೋಟೋ ಅಲುಗುತ್ತದೆ. ಅಲುಗಿದರೆ ಅದೇ ಗಳಿಗೆಯಲ್ಲಿ, ಎಲ್ಲರ ಎದುರಿಗೆ, ಕೆಟ್ಟಿದೆ ಎನ್ನುತ್ತೇನೆ. ಮದುವೆಮನೆಯ ಹಿರಿಯರು ಮುಖ ಮೂತಿ ನೋಡದೆ ಬೈಯುತ್ತಾರೆ. ಬೈಸಿಕೊಂಡು ಮತ್ತೆ ನಿಲ್ಲಿಸಿ ತೆಗೆಯುತ್ತೇನೆ. ಬೈಸಿಕೊಳ್ಳುವುದೇನಿದ್ದರೂ ಗೋಡೆ ನಿಂತಿರುವಾಗಲೇ ಬೈಸಿಕೊಳ್ಳಬೇಕು.