ನಾಲ್ಕೂವರೆಯ ಬಸ್ಸು

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಬದಿಯಡ್ಕದ ಹತ್ತಿರದ ಹೈಯರ್ ಸೆಕೆಂಡರಿ ಶಾಲೆಯೊಂದರಲ್ಲಿ ನಾನು ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿಯ ಕ್ಲಾಸ್ ಟೀಚರ್. ಆಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದು ಪೂರ್ತಿ ಇಳಿದಿದೆ ಎಂದು ಈಗಲೂ ಹೇಳಲಾರೆ.

ಓಣಂ ರಜೆ ಮುಗಿದ ವಾರ ನನ್ನ ವಿದ್ಯಾರ್ಥಿನಿ ಸೌಮ್ಯಳ ಅಪ್ಪ ಸ್ಟಾಫ್ ರೂಮಿಗೆ ಬಂದರು. "ಟೀಚರೇ, ನಾಲ್ಕೂವರೆಯ ಬಸ್ಸಿನವ ಮಕ್ಕಳನ್ನು ಹತ್ತಿಸುವುದಿಲ್ಲವಂತೆ. ಮಗಳು ಮನೆಗೆ ಮುಟ್ಟುವಾಗ ಆರೂವರೆ. ಹೀಗಾದ್ರೆ ಶಾಲೆ ಬೇಡ, ಮನೆಯಲ್ಲಿ ಕೂತು ಬೀಡಿ ಕಟ್ಟಲಿ" ಎಂದರು. ಹತ್ತನೆಯಲ್ಲಿ ಶಾಲೆಗೇ ಮೊದಲಿಗಳಾದ ಹುಡುಗಿ!

ಕಡಿಮೆ ದರದ ಕನ್ಸೆಷನ್ ಪಾಸಿನ ಮಕ್ಕಳೆಂದರೆ ಖಾಸಗಿ ಬಸ್ಸಿನವರಿಗೆ ಆಗದು ಎಂಬುದು ನಮ್ಮಲ್ಲಿ ಎಲ್ಲರ ನಂಬಿಕೆ. ಸಂಜೆಯೇ ಬಸ್ ಸ್ಟಾಪಿಗೆ ಹೋಗಿ ನಾಲ್ಕೂವರೆಯ ಕುಂಬ್ಡಾಜೆ ಬಸ್ಸಿನ ಕಂಡಕ್ಟರ್ ನಾರಾಯಣನನ್ನು ತಡೆದು, ದೂರು ಕೊಡುತ್ತೇನೆಂದು ಬೈದೆ. ಇಡೀ ಬಸ್ಸು ಕೇಳಿತು. ಅವನು ತಣ್ಣಗೆ ಹೇಳಿದ: "ದಿನಾ ನಿಲ್ಲಿಸಿ ಕರೀತೇನೆ ಮಾರಾಯ್ರೆ. ಹತ್ತದವರನ್ನು ಎತ್ತಿ ಹಾಕ್ಲಿಕ್ಕೆ ಆಗ್ತದಾ? ಅಲ್ಲಿ ನೋಡಿ."

ಎದುರಿನ ಅಂಗಡಿಯ ಮಾಡಿನಡಿ ಸೌಮ್ಯ. ಒಂದು ಮಾರು ದೂರದಲ್ಲಿ ಅದೇ ತರಗತಿಯ ಪ್ರಶಾಂತ. ಬಸ್ಸು ಹೊರಟಿತು. ಇಬ್ಬರೂ ಅದರತ್ತ ನೋಡಲೇ ಇಲ್ಲ.

ಮರುದಿನ ಸೌಮ್ಯಳನ್ನು ಒಬ್ಬಳನ್ನೇ ಕರೆದೆ. "ಅಷ್ಟು ಹೊತ್ತು ಎಂತ ಮಾತಾಡ್ತೀರಿ?"

"ಎಂತ ಇಲ್ಲ ಟೀಚರ್. ಬಸ್ ಬಂದಾಗೆಲ್ಲ ಅವ 'ಇನ್ನೊಂದು ಉಂಟಲ್ಲ' ಹೇಳ್ತಾನೆ. ಅಷ್ಟೇ." ಅಷ್ಟು ಹೇಳಿ ಅಳತೊಡಗಿದಳು. "ಅಪ್ಪನಿಗೆ ಹೇಳ್ಬೇಡಿ, ಶಾಲೆ ಬಿಡಿಸ್ತಾರೆ."

ಬೈಯಬೇಕೆಂದೇ ಕರೆದಿದ್ದೆ. ಆದರೆ ಹದಿನಾರರಲ್ಲಿ, ಒಬ್ಬ ದಾಟಿ ಹೋಗುವವರೆಗೆ ಚಪ್ಪಲಿಯ ಬಾರು ಸರಿಮಾಡುತ್ತಾ ನಿಂತವಳು ನಾನೂ ಹೌದು. ಆ ಸಂಜೆಗಳ ನೆನಪಾಗಿ, ಎದುರಿನ ಕುರ್ಚಿ ತೋರಿಸಿ ಕೂರಲು ಹೇಳಿದೆ.

"ಒಂದು ಬಸ್ ಹೋಗಲಿ. ಐದಕ್ಕೆ ಹತ್ತು ನಿಮಿಷ ಇರುವಾಗಿನದ್ದಕ್ಕೆ ಹತ್ತಲೇಬೇಕು. ಬಸ್ಸಿನವನ ಮೇಲೆ ಸುಳ್ಳು ಬೇಡ" ಎಂದೆ. ಅವಳ ಅಪ್ಪನಿಗೆ, "ಬಸ್ಸಿನವರಲ್ಲಿ ಮಾತಾಡಿದ್ದೇನೆ. ಐದೂವರೆಗೆ ಮಗಳು ಮನೆಯಲ್ಲಿರ್ತಾಳೆ, ಅದು ನನ್ನ ಜವಾಬ್ದಾರಿ" ಎಂದೆ. ಆಮೇಲೆ ಅದೇ ಬಸ್ಸು ಹತ್ತಿ, ಎಲ್ಲರೆದುರೇ ನಾರಾಯಣನ ಕ್ಷಮೆ ಕೇಳಿದೆ.

ಮರುವರ್ಷ, ಪ್ಲಸ್ ಟು ಹೊತ್ತಿಗೆ, ಅಂಗಡಿಯ ಮಾಡಿನಡಿ ಕಾಯುವುದು ತಾನಾಗಿ ನಿಂತು ಇಬ್ಬರೂ ನಾಲ್ಕೂವರೆಯ ಬಸ್ಸಿಗೇ ಹತ್ತುತ್ತಿದ್ದರು. ಅವಳು ಮುಂದಿನ ಬಾಗಿಲಿಂದ, ಅವನು ಹಿಂದಿನಿಂದ. ಯಾಕೆಂದು ನಾನು ಕೇಳಲಿಲ್ಲ. ಆ ಪ್ರಾಯದ ಪ್ರೀತಿ ಮದುವೆಯವರೆಗೆ ಹೋಗುವುದು ಅಪರೂಪ. ನಾವು ಹೆದರಿಸಿದರೆ ಸುಳ್ಳಿನವರೆಗೆ ಹೋಗುವುದು ಖಂಡಿತ. ಮೂವತ್ತು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ಇದನ್ನೇ.

ಸೌಮ್ಯ ಈಗ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಮೊನ್ನೆ ಫೋನ್ ಮಾಡಿದ್ದಳು.

"ಟೀಚರ್, ಮಗಳು ಶಾಲೆಯಿಂದ ತಡವಾಗಿ ಬರ್ತಾಳೆ. ಬಸ್ಸಿನವ ನಿಲ್ಲಿಸುವುದಿಲ್ಲವಂತೆ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ನೀನೆಂತ ಹೇಳಿದೆ?" ಎಂದು ಕೇಳಿದೆ.

"ಒಂದು ಬಸ್ ಹೋಗಲಿ ಅಂತ ಹೇಳಿದೆ ಟೀಚರ್."