ತಾಯಿಯ ಉದ್ಯೋಗ

ಹೆಂಗಸರ ದುಡಿಮೆ ಹೇಗೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅಂಕೋಲೆಯ ಕಾಲೇಜಿನಲ್ಲಿ ಒಂದು ವಾರ ಸಮಾಜಶಾಸ್ತ್ರದ ಪಾಠ ಮಾಡಿ, ತಂತಮ್ಮ ಮನೆಯ ಸಮೀಕ್ಷೆಯ ಫಾರ್ಮು ತುಂಬಿ ತರಲು ಹೇಳಿದ್ದೆ. ಬಂದ ಫಾರ್ಮುಗಳನ್ನು ನೋಡಿ ಮೈಯೆಲ್ಲ ಉರಿದುಹೋಯಿತು. ತಂದೆಯ ಉದ್ಯೋಗ ಮೀನುಗಾರಿಕೆ, ತಾಯಿಗೆ ಕೆಲಸವಿಲ್ಲ. ಎಲ್ಲರದೂ ಅದೇ.

ಮೇಜು ಗುದ್ದಿದೆ. "ಬಲೆಯಿಂದ ಮೀನು ಬಿಡ್ಸುದು ಯಾರು? ಉಪ್ಪು ಹಾಕಿ ಒಣಗ್ಸುದು ಯಾರು? ಬುಟ್ಟಿ ಹೊತ್ಕಂಡು ಮಾರುದು ಯಾರು, ನಿಮ್ಮ ಅಪ್ಪನಾ? ನಾಚ್ಕೆ ಆಗುದಿಲ್ವಾ?"

ಬೈತಖೋಲದಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಮಾದರಿಗೆ ಅಂತ ನಿಮ್ಮ ಮನೇದು ತುಂಬಿ ಗ್ರೂಪಿಗೆ ಕಳ್ಸಿದ್ರಲ್ಲ, ಅದ್ನ ನೋಡ್ಕಂಡೇ ಬರ್ದದ್ದು."

ಮೊಬೈಲನ್ನು ನನ್ನ ಮುಂದೆ ಹಿಡಿದಳು. ನನ್ನನ್ನು ಹೆತ್ತು, ಮೀನು ಮಾರಿ ಓದಿಸಿದ ಆಯಿಯ ಹೆಸರಿನ ಮುಂದೆ, ನನ್ನದೇ ದುಂಡನೆಯ ಅಕ್ಷರದಲ್ಲಿ ಇತ್ತು: ಕೆಲಸವಿಲ್ಲ.